ಭರಮಮ್ಮನ ಹೆಸರಿನ ಚೀಟಿ

ತಂಬ್ರಹಳ್ಳಿಯ ಒಂದು ಓಣಿಯ ಹೆಣ್ಣುಮಕ್ಕಳಿಗೆ ಹೊಟ್ಟೆನೋವೇ ಬರಲಿ, ಬಿಳುಪು ಹೋಗಲಿ, ಡಾಕ್ಟರ ಮುಂದೆ ಬಾಯಿ ಬಿಡುವವಳು ಮಾತ್ರ ಗಿಡ್ಡಮ್ಮ. ರೋಗದವಳು ಸ್ಟೂಲಿನ ಮೇಲೆ ಸೆರಗು ಕಚ್ಚಿ ನೆಲ ನೋಡುತ್ತ ಕೂರಬೇಕು, ಜೊತೆಗೆ ಬಂದವಳು ನಿಂತು ಅವಳ ರೋಗ ಹೇಳಬೇಕು. ನಮ್ಮ ಕಡೆ ಹೆಂಗಸರು ಆಸ್ಪತ್ರೆಗೆ ಹೋಗುವ ಪದ್ಧತಿಯೇ ಹಾಗೆ, ಏನು ಮಾಡುತ್ತೀರಿ.

ಗಿಡ್ಡಮ್ಮ ಮದುವೆ ಮನೆಗಳಿಗೆ ರೊಟ್ಟಿ ಬಡಿದು ಕೊಡುವಾಕೆ. ಕೈ ಎಷ್ಟು ಚುರುಕೋ ಬಾಯಿ ಅದಕ್ಕಿಂತ ಚುರುಕು. ಹದಿನೈದು ದಿನಕ್ಕೊಮ್ಮೆಯಾದರೂ ಯಾರನ್ನೋ ಎಳೆದುಕೊಂಡು ಬಸ್ಸು ಹತ್ತಿ ಹಗರಿಬೊಮ್ಮನಹಳ್ಳಿಯ ಡಾಕ್ಟರಲ್ಲಿಗೆ ಹೋಗುವಳು. ದಾರಿಯುದ್ದಕ್ಕೂ ಅವರಿಗೆ ಬೈಗುಳ ಬೇರೆ. "ಡಾಕ್ಟ್ರ ಮುಂದ ಏನು ನಾಚಿಕಿಲೇ? ಅವರೇನು ನಿನ್ನ ಬೀಗರಾ?"

ಇಂಥವಳಿಗೇ ಒಂದು ಯುಗಾದಿ ಮುಗಿದ ಮೇಲೆ ರಕ್ತ ಹೋಗಲು ಶುರುವಾಯಿತು. ನಸುಕಿನ ಕತ್ತಲಲ್ಲಿ ಬಯಲಿಗೆ ಹೋಗುವವರಿಗೆ ಏನು ಕಂಡೀತು? ಸೀರೆ ಒಗೆಯುವಾಗ ಕಲೆ ಕಂಡಳು. ಮುಟ್ಟು ನಿಂತು ಮೂರು ವರ್ಷವಾಗಿತ್ತು. ಇದು ಅದಲ್ಲ, ಹಿಂದಿನಿಂದ ಹೋಗುತ್ತಿರುವುದು ಎಂದು ಗೊತ್ತಾಗಲು ಹೆಚ್ಚು ದಿನ ಬೇಕಾಗಲಿಲ್ಲ. ದಿನವೆಲ್ಲ ಒಲೆಯ ಮುಂದೆ ಕೂತು ಮೈಯಲ್ಲಿ ಕಾವು ಏರಿದೆ ಎಂದುಕೊಂಡು ಮೆಂತ್ಯ ನೆನೆಸಿ ತಿಂದಳು, ಚೆಂಬುಗಟ್ಟಲೆ ಮಜ್ಜಿಗೆ ಕುಡಿದಳು. ಎರಡು ತಿಂಗಳಾದರೂ ನಿಲ್ಲಲಿಲ್ಲ.

ಯಾರಿಗೆ ಹೇಳುವುದು? ಗಂಡ ದುರುಗಪ್ಪನಿಗೆ ಇಂಥದ್ದನ್ನು ಹೇಳಿ ಅಭ್ಯಾಸವಿಲ್ಲ. ಓಣಿಯವರಿಗೆ ಹೇಳೋಣವೆಂದರೆ, ಹಿಂದೆ ಅದೇ ಓಣಿಯ ಯರ್ರೆಪ್ಪನಿಗೆ ಮೂಲವ್ಯಾಧಿ ಆದಾಗ "ಯರ್ರೆಪ್ಪಗ ಮೆತ್ತನ್ನ ಗಾದಿ ಹಾಸ್ರಲೇ, ಕುಂದರಾಕ ಬರವಲ್ದು" ಎಂದು ಕಟ್ಟೆ ತುಂಬ ಜನರನ್ನು ನಗಿಸಿದವಳು ತಾನೇ. ಆ ನಗೆ ತನ್ನ ಮೇಲೆ ತಿರುಗಿದರೆ? ನೆನೆದರೇ ಮೈ ಹಿಡಿಯಾಗುತ್ತಿತ್ತು.

ಕೊನೆಗೆ ಒಂದು ಉಪಾಯ ಹೊಳೆಯಿತು. ಹಾಳು ಉಪಾಯ! ಒಬ್ಬಳೇ ಹೋಗಿ ಡಾಕ್ಟರ ಮುಂದೆ ಎಂದಿನಂತೆ ನಿಂತಳು. ಸ್ಟೂಲು ಖಾಲಿ ಇತ್ತು.

"ನಮ್ಮ ಓಣ್ಯಾಗ ಭರಮಮ್ಮ ಅಂತ ಒಬ್ಬಾಕಿ ಅದಾಳ್ರಿ. ಹೊರಕಡಿಗಿ ಹೋದಾಗ ರಕ್ತ ಬೀಳತೈತಂತ. ಬಲು ನಾಚಿಕಿ ಸ್ವಭಾವ ರೀ, ಬಾ ಅಂದ್ರ ಬರವಲ್ಲಳು."

ಭರಮಮ್ಮ ಪಕ್ಕದ ಮನೆಯಾಕೆ. ನಾಚಿಕೆ ಸ್ವಭಾವ ಎಂಬುದೇನೋ ನಿಜ, ಉಳಿದದ್ದೆಲ್ಲ ಗಿಡ್ಡಮ್ಮನದು. ಡಾಕ್ಟರು ವಯಸ್ಸು ಕೇಳಿದರು. "ನನ್ನ ವಾರಿಗೀನ ರೀ" ಎಂದಳು. ಅವರು 'ಭರಮಮ್ಮ, ೫೦' ಎಂದು ಚೀಟಿ ಬರೆದರು. ಮುಲಾಮು, ಗುಳಿಗೆ.

"ಮೂಲವ್ಯಾಧಿ ಇರಬಹುದು ಗಿಡ್ಡಮ್ಮ. ಆದ್ರೆ ನೋಡದೆ ಹೇಳೋಕಾಗಲ್ಲ. ಮುಂದಿನ ಸಲ ಆಕೆನ ಕರಕೊಂಡು ಬಾ."

"ಕರಕೊಂಡು ಬರ್ತೀನ್ರಿ" ಎಂದು ಬಂದಳು. ಎರಡನೇ ಸಲವೂ ಹಾಗೆಯೇ ಅಂದು ಬಂದಳು. ಮೂರನೇ ಸಲಕ್ಕೆ ಡಾಕ್ಟರು ಸಿಟ್ಟಾದರು.

"ಐದು ತಿಂಗಳಿಂದ ರಕ್ತ ಹೋಗ್ತಿದೆ ಅಂತೀಯ. ತೂಕ ಏನಾದ್ರೂ ಇಳಿದಿದೆಯಾ ಆಕೆದು?"

ಗಿಡ್ಡಮ್ಮ ತನ್ನ ಕೈ ನೋಡಿಕೊಂಡಳು. ಬಿಗಿಯಾಗಿದ್ದ ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. "ಸ್ವಲ್ಪ ಇಳದಾಳ್ರಿ."

"ಒಳಗೆ ಬೇರೆ ಏನಾದ್ರೂ ಇದ್ರೆ? ಊರ ಹೆಂಗಸರೆಲ್ಲ ನಿನ್ನ ಮಾತು ಕೇಳ್ತಾರೆ, ಇವಳೊಬ್ಬಳು ಕೇಳಲ್ವಾ?"

"ಇವಳೊಬ್ಬಾಕಿ ಕೇಳವಲ್ಲಳ್ರಿ" ಎಂದಳು. ಅಲ್ಲಿಯವರೆಗೆ ಹೇಳಿದ್ದರಲ್ಲಿ ಅದೊಂದೇ ಅಪ್ಪಟ ನಿಜ.

ಆಮೇಲೆ ಅವಳು ಡಾಕ್ಟರ ಕಡೆ ತಲೆ ಹಾಕಲಿಲ್ಲ. ಹಳೆಯ ಚೀಟಿ ತೋರಿಸಿ ಔಷಧಿ ಅಂಗಡಿಯಲ್ಲಿ ಮುಲಾಮು ತರುವಳು. ಒಂದು ವಾರ ರಕ್ತ ಕಾಣದಿದ್ದರೆ ವಾಸಿಯಾಯಿತು ಎಂದು ಹನುಮಪ್ಪನಿಗೆ ಕಾಯಿ ಒಡೆಸುವಳು, ಮರುವಾರ ಮತ್ತೆ ಅದೇ ಕಥೆ.

ಹೀಗಿರುವಾಗ ಕಾರ್ತಿಕದಲ್ಲಿ ನಿಜವಾದ ಭರಮಮ್ಮನಿಗೆ ಮೊಣಕಾಲು ಬಾತುಕೊಂಡಿತು. "ಗಿಡ್ಡಕ್ಕ, ನೀ ಬರಲಿಲ್ಲಂದ್ರ ನಾ ಹೋಗಾಕಿಲ್ಲ ನೋಡು" ಎಂದು ಕೂತಳು. ಗಿಡ್ಡಮ್ಮ ಹೇಗೆ ತಪ್ಪಿಸಿಕೊಂಡಾಳು? ಹೋದರು. ಹೆಸರು ಕೇಳಿದ್ದೇ ಡಾಕ್ಟರು ಎದ್ದು ನಿಂತರು.

"ಅಬ್ಬಾ, ಅಂತೂ ಬಂದೆಯಲ್ಲಮ್ಮ! ಹೆದರಬೇಡ. ಆ ಟೇಬಲ್ ಮೇಲೆ ಮಗ್ಗುಲಾಗಿ ಮಲಕೋ, ಬೆರಳು ಹಾಕಿ ನೋಡಿದ್ರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತೆ."

ಭರಮಮ್ಮ ಕಣ್ಣು ಬಿಟ್ಟಳು. ಮೊಣಕಾಲಿಗೆ ಎಂಥ ಬೆರಳು? ಅವಳು ಗಿಡ್ಡಮ್ಮನ ಮುಖ ನೋಡಿದಳು. ಗಿಡ್ಡಮ್ಮನಿಗೆ ಗಂಟಲವರೆಗೆ ಬಂತು ಮಾತು. ಹೇಳಿಬಿಡಬೇಕಿತ್ತು, ದೇವರಾಣೆಗೂ ಹೇಳಿಬಿಡಬೇಕಿತ್ತು. ಬಾಗಿಲಲ್ಲಿ ನರ್ಸು ನಿಂತಿದ್ದಳು, ಪರದೆಯಾಚೆ ಜನ ಕೆಮ್ಮುತ್ತಿದ್ದರು.

"ಆ ಭರಮಮ್ಮ ಬ್ಯಾರೆ ರೀ. ಈಕಿ ಬ್ಯಾರೆ" ಎಂದುಬಿಟ್ಟಳು.

ಬಸ್ಸಿನಲ್ಲಿ ಭರಮಮ್ಮ ಮೆಲ್ಲಗೆ ಕೇಳಿದಳು: "ನಮ್ಮ ಓಣ್ಯಾಗ ಇನ್ನೊಬ್ಬ ಭರಮಮ್ಮ ಯಾರವ್ವ?"

"ಅದಾಳ ತಗೋ, ಹಂಪಸಾಗರದ ಕಡ್ಯಾಕಿ" ಎಂದು ಗಿಡ್ಡಮ್ಮ ಕಿಟಕಿಯತ್ತ ತಿರುಗಿದಳು.

ಇನ್ನೂ ಆರು ತಿಂಗಳು ಹೋದವು. ವೈಶಾಖದಲ್ಲಿ ಚಿಗಟೇರಿಯ ಒಂದು ಮದುವೆಗೆ ಇಬ್ಬರೂ ರೊಟ್ಟಿ ಬಡಿಯಲು ಹೋಗಿದ್ದರು. ಹಂಚಿನ ಮುಂದೆ ಗಿಡ್ಡಮ್ಮ ಕಣ್ಣು ಕತ್ತಲೆ ಬಂದು ಕುಸಿದಳು. ಎತ್ತಿ ಕೂರಿಸುವಾಗ ಭರಮಮ್ಮ ಅವಳ ಸೀರೆಯ ಹಿಂಭಾಗದಲ್ಲಿ ರಕ್ತದ ಕಲೆ ನೋಡಿದಳು. ತನ್ನ ಸೆರಗು ಬಿಡಿಸಿ ಅದನ್ನು ಮರೆಮಾಡಿ, "ಬಿಸಲಿಗೆ ತಲಿ ತಿರಿಗೈತಿ" ಎಂದು ಬಂದವರಿಗೆಲ್ಲ ಹೇಳಿ ಕಳಿಸಿದಳು. ಜನ ಚದುರಿದ ಮೇಲೆ ಹತ್ತಿರ ಕೂತು ಒಂದೇ ಮಾತು ಕೇಳಿದಳು.

"ಆ ಭರಮಮ್ಮ ನೀನಾ ಏನು?"

ಗಿಡ್ಡಮ್ಮ ಹಿಟ್ಟಿನ ಕೈಯಲ್ಲೇ ಮುಖ ಮುಚ್ಚಿಕೊಂಡು ಅತ್ತಳು.

ಮರುದಿನವೇ ಹಗರಿಬೊಮ್ಮನಹಳ್ಳಿಗೆ ಹೋದರು. ಡಾಕ್ಟರು ಚೀಟಿ ಎಳೆದುಕೊಂಡು, "ಯಾರಿಗೆ ಗಿಡ್ಡಮ್ಮ?" ಎಂದರು. ಅವಳು ಹೋಗಿ ಸ್ಟೂಲಿನ ಮೇಲೆ ಕೂತಳು.

"ನನಗ್ರೀ. ರಕ್ತ ಹೋಗೋದು ನನಗ. ಮೊದಲಿನಿಂದಾನೂ ನನಗ ರೀ."

ಡಾಕ್ಟರು ಪೆನ್ನು ಕೆಳಗಿಟ್ಟರು. ಬೈಯುತ್ತಾರೆಂದುಕೊಂಡಿದ್ದಳು, ಬೈಯಲಿಲ್ಲ. ನರ್ಸು ಪರದೆ ಎಳೆದಳು. ಹದಿಮೂರು ತಿಂಗಳು ನಿದ್ದೆಗೆಡಿಸಿದ ಆ ಪರೀಕ್ಷೆ ಎರಡು ನಿಮಿಷದಲ್ಲಿ ಮುಗಿದೇ ಹೋಯಿತು. ಯಾರೂ ನಗಲಿಲ್ಲ. ನರ್ಸು ಹೊದಿಕೆ ಸರಿಮಾಡಿ, "ಏಳಮ್ಮ, ಸೀರೆ ಸರಿ ಮಾಡ್ಕೋ" ಎಂದಳು ಅಷ್ಟೇ. ಇಷ್ಟೇನಾ? ಇಷ್ಟಕ್ಕೇ ನಾನು ಇಷ್ಟು ದಿನ ಸತ್ತೆನಾ ಎಂದು ಗಿಡ್ಡಮ್ಮ ತನ್ನನ್ನೇ ಬೈದುಕೊಂಡಳು.

ಡಾಕ್ಟರು ಕೈ ತೊಳೆದು ಬಂದು ಕೂತರು. ಒಳಗೆ ಗಡ್ಡೆ ಕೈಗೆ ಸಿಕ್ಕಿತ್ತು. ದಾವಣಗೆರೆಯ ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರು.

ದಾವಣಗೆರೆಯಲ್ಲಿ ತುಣುಕು ತೆಗೆದು ಪರೀಕ್ಷಿಸಿದರು, ಹೊಟ್ಟೆಯ ಸ್ಕ್ಯಾನ್ ಮಾಡಿದರು. ಒಂದು ವಾರದ ಮೇಲೆ ಅಲ್ಲಿಯ ದೊಡ್ಡ ಡಾಕ್ಟರು ಜೊತೆಗೆ ಬಂದಿದ್ದ ದುರುಗಪ್ಪನನ್ನು ಕೂರಿಸಿಕೊಂಡು ವಿಷಯ ಹೇಳಿದರು. ಕ್ಯಾನ್ಸರು, ಲಿವರಿಗೂ ಹರಡಿದೆ. ಒಂದು ವರ್ಷ ಮೊದಲು ಬಂದಿದ್ದರೆ ಆಪರೇಷನ್ ಮಾಡಿ ಉಳಿಸಿಕೊಳ್ಳುವ ಆಸೆ ಇತ್ತು. ಈಗ ನೋವು ಕಡಿಮೆ ಮಾಡುವುದಷ್ಟೇ. ದುರುಗಪ್ಪ ಹೊರಗೆ ಬಂದು ಹೆಂಡತಿಯ ಮುಖ ನೋಡಲಾರದೆ, ಚಹಾ ತರುತ್ತೇನೆಂದು ಮೆಟ್ಟಿಲಿಳಿದು ಹೋದ.

ಗಿಡ್ಡಮ್ಮನಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಎಷ್ಟು ಆಸ್ಪತ್ರೆ ಕಂಡವಳು! ಬೆಂಚಿನ ಮೇಲೆ ಪಕ್ಕದಲ್ಲಿ ಕೂತಿದ್ದ ಭರಮಮ್ಮನ ಕೈ ಹಿಡಿದುಕೊಂಡಳು.

"ನಿನ್ನ ಹೆಸರು ಕೆಡಿಸಿದ್ನಲ್ಲೇ ಭರಮಿ. ತಪ್ಪಾತು."

"ಹೆಸರು ಮಣ್ಣಾಗ ಹೋಗಲಿ" ಎಂದಳು ಭರಮಮ್ಮ. ಮೂವತ್ತು ವರ್ಷದಲ್ಲಿ ಅವಳು ಇಷ್ಟು ಜೋರಾಗಿ ಮಾತಾಡಿದ್ದನ್ನು ಗಿಡ್ಡಮ್ಮ ಕೇಳಿರಲಿಲ್ಲ. "ನನ್ನ ಎರಡು ಹೆರಿಗ್ಯಾಗ ನೀ ಮಾತಾಡಿದಿ. ನನ್ನ ಗರ್ಭಕೋಶ ತೆಗಿಸುವಾಗ ನೀ ಮಾತಾಡಿದಿ. ನಿನಗ ಬಾಯಿ ಬರಲಿಲ್ಲಂದ್ರ ನನಗೊಬ್ಬಾಕಿಗೆ ಹೇಳಬಾರದಿತ್ತಾ ಅಕ್ಕಾ? ನೀ ಸ್ಟೂಲಿನ ಮ್ಯಾಲ ಕುಂತಿದ್ರ ಸಾಕಿತ್ತು. ನಾ ನಿಂತು ಹೇಳ್ತಿದ್ನಲ್ಲ."