ಹನ್ನೆರಡನೆಯ ಮೊಳೆ

ಬರಿಗೈಯಲ್ಲಿ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಹೋಗುವುದೆಂದರೆ ಜಹೀರಾಬಾದಿನ ವಿಮಲಾಬಾಯಿಯವರ ಪಾಲಿಗೆ ಮಹಾಪಾತಕ. ಅಡುಗೆಮನೆಯಿಂದ ಪಡಸಾಲೆಗೆ ಬರುವಾಗ ಕೈಯಲ್ಲಿ ಚಹದ ಲೋಟ, ಮರಳುವಾಗ ಯಾರೋ ಬಿಸುಟ ಟವೆಲು. ಅಂಗಳಕ್ಕೆ ಹೊರಟರೆ ಕಾಯಿಪಲ್ಲೆಯ ಸಿಪ್ಪೆ, ಒಳಬಂದರೆ ಒಣಗಿದ ಬಟ್ಟೆ. ಕಾಲುಂಗುರ ನೆಲಕ್ಕೆ ತಾಗಿ ಟಿಕ್ಕೆನ್ನುವ ಆ ಅವಸರದ ನಡಿಗೆ ಕೇಳಿಸಿತೆಂದರೆ ಸಾಕು, ಕುರ್ಚಿಯ ಮೇಲೆ ಅಂಗಿ ಎಸೆದ ಗಂಡಸರು ಕಳ್ಳರಂತೆ ಎದ್ದು ಅದನ್ನು ಮಡಚುತ್ತಿದ್ದರು. "ಯಾವುದರ ಜಾಗ ಅದಕ್ಕ ಇರ್ಲಿ" ಎಂಬುದು ಆಕೆಯ ಜಪಮಂತ್ರ. ದೇವರಿಗೆ ಕೈಮುಗಿಯುವಾಗಲೂ ಅದನ್ನೇ ಅನ್ನುತ್ತಿದ್ದರೇನೋ ಎಂದು ನನಗೆ ಗುಮಾನಿ.

ಹನ್ನೆರಡು ಮಂದಿಯ ಸಂಸಾರ, ಪಡಸಾಲೆಯ ಗೋಡೆಗೆ ಹನ್ನೊಂದು ಮೊಳೆ. ಅತ್ತೆಯ ಜಪದ ಚೀಲಕ್ಕೊಂದು, ಸರಕಾರಿ ಗುಮಾಸ್ತನಾದ ಗಂಡ ಆತ್ಮಾರಾಮನ ಕೊಡೆಗೊಂದು, ನಾರಾಯಣಖೇಡದ ಶಾಲೆಯಲ್ಲಿ ಪಾಠ ಹೇಳಲು ದಿನವೂ ಬಸ್ಸು ಹಿಡಿಯುವ ಮೈದುನ ಮುಕುಂದನ ಚೀಲಕ್ಕೊಂದು, ಕಾಲೇಜಿನ ಮಗಳು ಶೀತಲ್‌ಗೊಂದು, ಹೀಗೆ. ಮೊಳೆ ನೋಡಿಯೇ ಯಾರು ಬಂದರು, ಯಾರು ಬರಬೇಕು, ಎಷ್ಟು ರೊಟ್ಟಿ ತಟ್ಟಬೇಕು ಎಂಬುದನ್ನು ಅವರು ಅರಿಯುತ್ತಿದ್ದರು. ಅವರಿಗೆ ಮಾತ್ರ ಮೊಳೆಯಿರಲಿಲ್ಲ. ಹೊರಗೆ ಹೋಗದವರಿಗೆ ಚೀಲವೇತಕ್ಕೆ?

ತವರು ನಾಗಲಗಿದ್ದ ಎಂಬ ಊರು, ನಾರಾಯಣಖೇಡದಿಂದ ಮುಂದೆ. ಮುಕುಂದ ದಿನವೂ ಮುಕ್ಕಾಲು ದಾರಿ ಹೋಗಿ ಬರುತ್ತಿದ್ದ. ವಿಮಲಾಬಾಯಿ ಮಾತ್ರ ಒಂಬತ್ತು ವರ್ಷಗಳಿಂದ ಅಲ್ಲಿ ಒಂದು ರಾತ್ರಿ ತಲೆಯಿಟ್ಟಿರಲಿಲ್ಲ. ಮುಂಜಾನೆ ಹೋದರೆ ಸಂಜೆಗೆ ವಾಪಸು. ಕಣ್ಣಿಗೆ ಪೊರೆ ಬಂದ ಅವ್ವ ಪ್ರತಿ ಸಲ ಸೆರಗು ಹಿಡಿದು "ಒಂದ್ ರಾತ್ರಿ ಇರವ್ವ" ಎನ್ನುತ್ತಿದ್ದಳು, ಪ್ರತಿ ಸಲವೂ ಇವರು "ಮನಿ ಹ್ಯಾಂಗ ನಡೀತದ ಯವ್ವಾ?" ಎಂದು ಸೆರಗು ಬಿಡಿಸಿಕೊಳ್ಳುತ್ತಿದ್ದರು. ಬಸ್ಸಿನ ಕಿಟಕಿಗೆ ಮುಖವಿಟ್ಟು ಅಳುವುದಕ್ಕೂ ಅವರಿಗೆ ನಿಗದಿಯಾದ ಜಾಗವಿತ್ತು. ನಾರಾಯಣಖೇಡ ಬರುವಷ್ಟರಲ್ಲಿ ಕಣ್ಣೊರೆಸಿಕೊಂಡು ಮರುದಿನದ ಪಲ್ಲೆಯ ಯೋಚನೆಗೆ ತೊಡಗುತ್ತಿದ್ದರು.

ಹಾಗಿರುವಾಗ ಪ್ರತ್ಯೇಕ ತೆಲಂಗಾಣ ರಾಜ್ಯ ಬೇಕೆಂದು ಎರಡು ಸಾವಿರದ ಹನ್ನೊಂದರ ಸಕಲ ಜನರ ಮುಷ್ಕರ ಬಂತು. ಕಚೇರಿ ಬಂದ್, ಶಾಲೆ ಬಂದ್, ಬಸ್ಸು ಬಂದ್. ಗಂಡಸರು ಧರಣಿಯ ಟೆಂಟಿನಲ್ಲಿ ಘೋಷಣೆ ಕೂಗಿ ಊಟಕ್ಕೆ ಸರಿಯಾಗಿ ಮನೆಗೆ ಬರುತ್ತಿದ್ದರು. ಹನ್ನೊಂದು ಮೊಳೆಯೂ ಭರ್ತಿಯಾಗಿ ಚೀಲಗಳ ಮೇಲೆ ಧೂಳು ಕೂತಿತು. ದಸರೆಗೆ ವಾರವಿದ್ದಾಗ ಒಂದು ಮುಂಜಾನೆ ಆ ಗೋಡೆಯನ್ನು ಬಹಳ ಹೊತ್ತು ನೋಡಿ ವಿಮಲಾಬಾಯಿ ಅಂದರು, "ಎಲ್ಲಾರೂ ಮನ್ಯಾಗೇ ಅದೀರಿ. ನಾ ಅವ್ವನ ಕಡಿ ಹೋಗಿ ಒಂದ್ ರಾತ್ರಿ ಇದ್ದ ಬರ್ತೀನಿ."

"ಬಸ್ಸೇ ಇಲ್ಲ, ಹ್ಯಾಂಗ ಹೋಗ್ತಿ?" ಎಂದ ಆತ್ಮಾರಾಮ. ಬಸ್ಸಿದ್ದಾಗ ಬಿಡುವಿಲ್ಲ, ಬಿಡುವಿದ್ದಾಗ ಬಸ್ಸಿಲ್ಲ. ಹಲ್ಲಿದ್ದಾಗ ಕಡಲೆಯಿಲ್ಲ ಎಂಬ ಗಾದೆ ಸುಮ್ಮನೆ ಹುಟ್ಟಿತೇ!

ಮುಕುಂದನದು ಬೇರೆ ಚಿಂತೆ. "ವೈನಿ, ನೀವು ಹೋದ್ರ ಚಾ ಯಾರ್ ಮಾಡ್ಬೇಕ್ರಿ?"

"ಚಾಪುಡಿ ಎರಡನೇ ಡಬ್ಬಿನ್ಯಾಗ ಅದ. ನಿಮಗೂ ದೇವರು ಎರಡ್ ಕೈ ಕೊಟ್ಟಾನ."

ನ್ಯಾಲ್ಕಲ್‌ತನಕ ಆಟೊ, ಅಲ್ಲಿಂದ ಕುರಿಮರಿಗಳ ಸಂಗಡ ಒಂದು ಜೀಪು, ನಾರಾಯಣಖೇಡದಿಂದ ಮತ್ತೊಂದು. ರಸ್ತೆ ತಡೆಯ ಬಳಿ ಎರಡು ತಾಸು ಬಿಸಿಲು. ದೀಪ ಹಚ್ಚುವ ಹೊತ್ತಿಗೆ ತಲುಪಿದಾಗ ಅವ್ವ ಕಣ್ಣಿನಿಂದಲ್ಲ, ಕೈ ಹಿಡಿದು ಬೆರಳು ಸವರಿ ಗುರುತಿಸಿದಳು. "ಇಷ್ಟ್ ಒರಟಾಗ್ಯಾವ" ಎಂದಳು. ಬಳಿಕ, "ಚೀಲ ನಿನ್ನ ಗೂಟಕ್ಕ ಹಾಕವ್ವ, ಅಲ್ಲೇ ಅದ."

ಬಾಗಿಲ ಪಕ್ಕದ ಮರದ ಗೂಟ, ಹುಡುಗಿಯಾಗಿದ್ದಾಗ ಪಾಟಿಚೀಲ ತೂಗುತ್ತಿದ್ದ ಗೂಟ. ಈಗ ಅಣ್ಣನ ಸಂಸಾರವಿರುವ ಆ ಮನೆಯಲ್ಲಿ ಅಷ್ಟು ಸಾಮಾನು ತುಂಬಿದ್ದರೂ ಅದರ ಮೇಲೆ ಒಂದು ಎಳೆ ದಾರವೂ ಇರಲಿಲ್ಲ. ವಿಮಲಾಬಾಯಿ ಚೀಲವನ್ನು ಅದಕ್ಕೆ ತೂಗುಹಾಕಿದರು. ಬಚ್ಚಲಲ್ಲಿ ಪಾತ್ರೆ ಕಂಡು ಏಳಹೋದರೆ ಅವ್ವ ಜಗ್ಗಿ ಕೂಡಿಸಿದಳು: "ಸುಮ್ಮ ಕೂಡು. ಕೈ ಖಾಲಿ ಇದ್ರ ಯಾರೂ ಸಾಯಂಗಿಲ್ಲ."

ಕೂತರು. ಆದರೆ ಹಂಬಲವೆಂಬುದು ಎಂಥ ಮೂರ್ಖ ನೋಡಿ! ಒಂಬತ್ತು ವರ್ಷ ಹಂಬಲಿಸಿದ ಮಡಿಲಲ್ಲಿ ಕೂತು ಅವರು ಕಾದದ್ದು ಮನೆಯ ಫೋನಿಗೆ. ಸಕ್ಕರೆ ಎಲ್ಲಿದೆ, ಅತ್ತೆಯ ಗುಳಿಗೆ ಎಲ್ಲಿದೆ, ಈಗ ಕೇಳಿಯಾರು, ಆಗ ಕೇಳಿಯಾರು. ಯಾರೂ ಕೇಳಲಿಲ್ಲ. "ಫೋನಿನ್ಯಾಗ ಯಾರ್ ಅದಾರ?" ಎಂದಳು ಅವ್ವ, "ನಾ ಇಲ್ಲಿದ್ದೀನಿ."

ಮರುದಿನ ಜಹೀರಾಬಾದಿಗೆ ಬಂದರೆ ಮನೆ ಇಟ್ಟಂತೆಯೇ ಇತ್ತು. ತೊಳೆದ ಡಬ್ಬಿಗಳು ಬೋರಲು, ಗುಳಿಗೆ ಹೊತ್ತಿಗೆ ಸರಿಯಾಗಿ ಅತ್ತೆಯ ಹೊಟ್ಟೆ ಸೇರಿತ್ತು. ಶೀತಲ್ ಹೆಮ್ಮೆಯಿಂದ, "ಎಲ್ಲಾ ಜಾಗಾದಾಗೇ ಇತ್ತಲ್ಲವ್ವ, ಫೋನ್ ಮಾಡಾಕ ಏನಿತ್ತು?" ಎಂದಳು. ವಿಮಲಾಬಾಯಿ ನಕ್ಕರು, ಆಮೇಲೆ ಅಡುಗೆಮನೆಗೆ ಹೋದರು, ಬರಿಗೈಯಲ್ಲಿ. ಹಾಗಾದರೆ ಒಂಬತ್ತು ವರ್ಷ ನನ್ನನ್ನು ಹಿಡಿದಿಟ್ಟದ್ದು ಯಾರು ಎಂದು ತಮ್ಮನ್ನೇ ಕೇಳಿಕೊಂಡರು.

ದಸರೆಗೆ ಬನ್ನಿ ಕೊಡಲು ಬಂದವರು ಗೋಡೆಯ ಮೇಲೆ ಹನ್ನೆರಡನೆಯ ಮೊಳೆ ಕಂಡರು. ಅದರಲ್ಲೊಂದು ಚೀಲ, ಒಳಗೆ ಒಂದು ಸೀರೆ. "ಎಲ್ಲಿಗೆ ಹೊಂಟಿ?" ಎಂದು ಅತ್ತೆ ಕೇಳಿದರೆ "ಇರ್ಲಿ ಬಿಡ್ರಿ, ಅದರ ಜಾಗ ಅದಕ್ಕ" ಎಂದರು. ಮುಷ್ಕರ ಮುಗಿಯಿತು, ಹನ್ನೊಂದು ಚೀಲಗಳು ಮತ್ತೆ ಓಡಾಡತೊಡಗಿದವು. ನಾರಾಯಣಖೇಡದ ಬಸ್ಸಿನ ಹಾರ್ನು ಕೇಳಿದಾಗಲೆಲ್ಲ ರೊಟ್ಟಿ ತಟ್ಟುವ ಕೈ ಒಂದು ಗಳಿಗೆ ನಿಲ್ಲುತ್ತಿತ್ತು, ಅಷ್ಟೆ. ಚೀಲ ಬಹಳ ದಿನ ಅಲ್ಲೇ ತೂಗಿತು.

ಇಂಥ ಹೆಂಗಸರು ಊರೂರಿಗೆ ಇದ್ದಾರೆ. ಚಮಚ ಚಮಚಕ್ಕೂ ಜಾಗ ಮಾಡಿಕೊಡುತ್ತಾರೆ, ತಾವಿಲ್ಲದಿದ್ದರೆ ಮನೆ ಮುಳುಗೀತೆಂದು ಹೆದರುತ್ತಾರೆ. ಮನೆ ಮುಳುಗುವುದಿಲ್ಲ; ಮುಳುಗದ ಹಾಗೆ ಅದನ್ನು ಕಟ್ಟಿದವರೇ ಅವರು. ಅದು ಅವರಿಗೆ ತಿಳಿಯುವಷ್ಟರಲ್ಲಿ ಎಲ್ಲೋ ಒಂದು ಊರಿನಲ್ಲಿ ಒಂದು ಗೂಟ ಎಷ್ಟೋ ವರ್ಷ ಖಾಲಿಯಾಗಿ ಕಾದಿರುತ್ತದೆ.