ಎಡಗೈಯ ರಮ್

ನಮ್ಮ ಮನೆಯಲ್ಲಿ ರಮ್ಮಿನ ಸೀಸೆ ತೆರೆದರೆ ಮೊದಲ ಗುಟುಕು ಮಣ್ಣಿಗೆ. ಜಮೈಕಾದಲ್ಲಿ ಯಾರ ಮನೆಯಲ್ಲಾದರೂ ಹಾಗೇ, ಸತ್ತವರಿಗೂ ಬಾಯಾರುತ್ತದೆ. ಆದರೆ ನಮ್ಮವರು ಮಾತ್ರ ಅದನ್ನು ಎಡಗೈಯಲ್ಲಿ ಸುರಿಯುತ್ತಾರೆ, ಬಲಗೈಯನ್ನು ಬೆನ್ನ ಹಿಂದೆ ಮಡಚಿಟ್ಟುಕೊಂಡು. ಯಾಕೆಂದು ಕೇಳಿದರೆ ಅರ್ಸಲೀನ್ ಅಜ್ಜಿ ಕಥೆ ಹೇಳುತ್ತಿದ್ದಳು.

ನಮ್ಮ ಮೂಲಪುರುಷ ಕ್ವಾಶಿ ಕಡಲ್ಗಳ್ಳನಂತೆ. ಸ್ಪೇನಿನ ಹಡಗೊಂದನ್ನು ಹತ್ತುವಾಗ ಅದರ ಕಪ್ತಾನ ಕತ್ತಿ ಬೀಸಿ ಅವನ ಬಲಗೈಯನ್ನು ಭುಜದಿಂದಲೇ ಇಳಿಸಿಬಿಟ್ಟ. ಜೊತೆಗಾರರು ಗಾಯಕ್ಕೆ ಅರ್ಧ ಸೀಸೆ, ಬಾಯಿಗೆ ಅರ್ಧ ಸೀಸೆ ರಮ್ ಸುರಿದರು. ಕ್ವಾಶಿ ಎದ್ದು ಕೂತವನೇ ಎಡಗೈಯಿಂದ ಆ ಕಪ್ತಾನನ ಟೊಪ್ಪಿಗೆ ಕಿತ್ತುಕೊಂಡು ತನ್ನ ಮಗಳು ಪ್ರೂಡೆನ್ಸಳಿಗೆ ತೊಟ್ಟಿಲು ಮಾಡಿಕೊಟ್ಟ. ಟೊಪ್ಪಿಗೆಯಲ್ಲಿ ಮಲಗಿ ಅಲೆಯ ಮೇಲೆ ತೇಲುವ ಆ ಮಗು ನಾನೇ ಎಂದುಕೊಂಡು ಎಷ್ಟು ಸಲ ನಿದ್ದೆಹೋಗಿದ್ದೇನೋ.

ಓದು ಮುಗಿಸಿ ಕೆಲಸ ಹುಡುಕುತ್ತಿದ್ದಾಗ ಕಿಂಗ್‌ಸ್ಟನ್ ಬಂದರಿನ ಪಕ್ಕದ ರಮ್ ಕಾರ್ಖಾನೆಯೊಂದು ಪ್ರವಾಸಿಗಳಿಗೆಂದು ಚರಿತ್ರೆಯ ಮನೆ ಕಟ್ಟುತ್ತಿತ್ತು. ನಾವಿಕರು, ಕಡಲ್ಗಳ್ಳರು, ಅವರ ರಮ್ಮು; ಇದನ್ನೆಲ್ಲ ಹುಡುಕಿ ಬರೆಯುವವರು ಬೇಕಿತ್ತು. ಸಂದರ್ಶನದಲ್ಲಿ ನಾನು ಕ್ವಾಶಿಯ ಕಥೆ ಹೇಳಿದೆ. ಎದ್ದು ನಿಂತು, ಬಲಗೈ ಮಡಚಿ, ಎಡಗೈಯಲ್ಲಿ ಸುರಿದೂ ತೋರಿಸಿದೆ. ಮೇಲಧಿಕಾರಿ ಮಿಸ್ಟರ್ ಲೈಲ್ ಮೇಜು ಕುಟ್ಟಿದರು.

"ಇಷ್ಟು ದಿನ ಎಲ್ಲಿ ಅಡಗಿದ್ದೆ ಹುಡುಗಿ? ಅವನ ಬಗ್ಗೆ ಒಂದೇ ಒಂದು ಹಳೇ ಕಾಗದ ತಂದುಕೊಡು. ಗೋಡೆ ಪೂರ್ತಿ ಅವನಿಗೇ ಬಿಟ್ಟುಕೊಡ್ತೀನಿ."

ನಮ್ಮವನೊಬ್ಬನ ಹೆಸರು ಗೋಡೆಯ ಮೇಲೆ! ಅದನ್ನು ಅಜ್ಜಿ ಬೆರಳಿಟ್ಟು ಓದುವುದನ್ನು ನೋಡಬೇಕು ಅನ್ನುವುದೊಂದೇ ಆಮೇಲೆ ನನ್ನ ತಲೆಯಲ್ಲಿ.

ಸ್ಪ್ಯಾನಿಷ್ ಟೌನಿನ ದಾಖಲೆ ಮನೆಯಲ್ಲಿ ಮೂರು ತಿಂಗಳು ಕೂತೆ. ಹಡಗಿನ ಕಾಗದಗಳಿಗೆ ರಮ್ಮಿನ ಮೇಲೆ ಎಂಥ ಅಕ್ಕರೆ! ನಾವಿಕನೊಬ್ಬನಿಗೆ ದಿನಕ್ಕೆಷ್ಟು, ಯಾವ ಬಿರುಗಾಳಿಗೆ ಎಷ್ಟು ಪೀಪಾಯಿ ಒಡೆಯಿತು, ಪೀಪಾಯಿಗೆ ತೂತು ಕೊರೆದು ಹೀರಿದವನಿಗೆ ಎಷ್ಟು ಚಾಟಿಯೇಟು ಬಿತ್ತು, ಎಲ್ಲವೂ ಇತ್ತು. ಕ್ವಾಶಿ ಮಾತ್ರ ಇರಲಿಲ್ಲ. ಆ ಪೀಪಾಯಿಗಳು ಹಡಗಿಗೆ ಯಾವ ಕಬ್ಬಿನ ತೋಟದಿಂದ ಬಂದವು ಅನ್ನುವುದು ಒಂದು ದಿನವೂ ನನಗೆ ಹೊಳೆದಿರಲಿಲ್ಲ. ನನ್ನ ಕನಸಿನಲ್ಲಿ ಅವು ಹಡಗಿನಲ್ಲೇ ಹುಟ್ಟುತ್ತಿದ್ದವು. ಕೊನೆಗೆ, ಪ್ರೂಡೆನ್ಸ್ ಹುಟ್ಟಿದ್ದು ಸೇಂಟ್ ಥಾಮಸ್ ಬೆಟ್ಟದ ನಮ್ಮೂರಿನಲ್ಲೇ ಅಲ್ಲವೇ ಎಂದು, ಅಲ್ಲಿನ ಹಳೆಯ ಕಬ್ಬಿನ ತೋಟದ ಗುಲಾಮರ ಪಟ್ಟಿಗಳನ್ನು ತರಿಸಿದೆ.

'ಕ್ವಾಶೀಬಾ. ಹೆಂಗಸು. ಹತ್ತೊಂಬತ್ತು ವರ್ಷ. ಗಾಣಕ್ಕೆ ಕಬ್ಬು ಕೊಡುವಾಗ ಉರುಳೆಗೆ ಸಿಕ್ಕಿದ ಬಲಗೈ ಕಡಿಯಲಾಯಿತು. ಒಂದು ಸೀಸೆ ರಮ್ ಕೊಡಲಾಯಿತು. ಒಂದು ಮಗು, ಪ್ರೂಡೆನ್ಸ್. ಕೋಳಿ ಕಾಯಲು ಅಡ್ಡಿಯಿಲ್ಲ.'

ಗಾಣದ ಪಕ್ಕದಲ್ಲಿ ಸದಾ ಒಂದು ಕೊಡಲಿ ತೂಗುಹಾಕಿರುತ್ತಿದ್ದರೆಂದು ಅದಕ್ಕೆ ಮೊದಲೇ ಎಲ್ಲೋ ಓದಿದ್ದೆ. ತೂಕಡಿಸಿದವಳ ಬೆರಳು ಉರುಳೆಗೆ ಸಿಕ್ಕಿದರೆ ಹಿಂದೆಯೇ ಮೈಯೂ ಹೋಗುತ್ತದೆ. ತಿರುಗುವ ಗಾಣ ತಕ್ಷಣ ನಿಲ್ಲುವುದಿಲ್ಲ. ಹತ್ತಿರ ಇದ್ದವರು ಕೊಡಲಿ ಎತ್ತಬೇಕು. ಓದಿದಾಗ ಅಯ್ಯೋ ಅಂದುಕೊಂಡು ಪುಟ ತಿರುವಿದ್ದೆ. ಈ ಸಲ ಪುಟ ತಿರುವಲಾಗಲಿಲ್ಲ. ನೋಡಿದರೆ, ಬಲಗೈಯನ್ನು ತೊಡೆಯಡಿ ಒತ್ತಿಕೊಂಡು ಕೂತಿದ್ದೆ.

ನಕಲು ಮಾಡಿದ ಹಾಳೆಯನ್ನು ಮಿಸ್ಟರ್ ಲೈಲ್ ಎರಡು ಸಲ ಓದಿದರು.

"ಪಾಪ. ನಿಜವಾಗ್ಲೂ ಪಾಪ ಕಣೇ. ಆದ್ರೆ ರಜಾ ಕಳೆಯೋಕೆ ಬಂದವರು ಈ ಕೊಡಲಿ ಕಥೆ ಕೇಳಿ ಆಮೇಲೆ ಗ್ಲಾಸು ಎತ್ತುತಾರಾ?"

"ಒಂದು ಮೂಲೇಲಾದ್ರೂ ಅವಳ ಹೆಸರು ಹಾಕೋಣ ಸಾರ್."

"ಮುಂದಿನ ವರ್ಷ ನೋಡೋಣ. ಈಗ ಕ್ವಾಶಿನೇ ಇರ್ಲಿ. ಅವನನ್ನ ನಾನೇನು ಹುಟ್ಟಿಸಿದ್ನಾ? ಕರ್ಕೊಂಡು ಬಂದವಳು ನೀನೇ ತಾನೆ?"

ನಿಜ, ನಾನೇ. ಗೋಡೆಯ ಬರಹದ ಕರಡನ್ನು ನನ್ನ ಮುಂದೆ ಜರುಗಿಸಿದರು. ಕೆಳಗೆ 'ಸಂಶೋಧನೆ: ಅಡೀನಾ ಮೆಕೆಟಿ' ಎಂದಿತ್ತು. ರುಜು ಹಾಕಿದೆ. ಮನೆಗೆ ಹೋಗುವ ಬಸ್ಸಿನಲ್ಲಿ ನನಗೆ ನಾನೇ ಒಂದು ಕಥೆ ಕಟ್ಟಿಕೊಂಡೆ. ಅಜ್ಜಿಗೆ ಎಂಬತ್ತೆರಡು. ಈ ವಯಸ್ಸಿನಲ್ಲಿ ಅವಳ ಕಡಲ್ಗಳ್ಳನನ್ನು ಕಿತ್ತುಕೊಂಡರೆ ತಡೆದಾಳೇ? ಅವಳಿಗೋಸ್ಕರವೇ ನಾನು ಬಾಯಿ ಮುಚ್ಚಿಕೊಂಡಿರುವುದು.

ಚರಿತ್ರೆಯ ಮನೆಯ ಬಾಗಿಲು ತೆರೆಯುವ ದಿನ ಅಜ್ಜಿ ಚರ್ಚಿನ ಟೋಪಿ ಹಾಕಿಕೊಂಡು ಬಂದಳು. ಮಿಸ್ಟರ್ ಲೈಲ್ ಕೈಹಿಡಿದು ಮುಂದಿನ ಕುರ್ಚಿಯಲ್ಲಿ ಕೂರಿಸಿದರು.

"ನಿಮ್ಮ ಪ್ಯಾಂಟಿನ ಇಸ್ತ್ರಿ ಗೆರೇಲೇ ಕಬ್ಬು ಕಡೀಬಹುದಲ್ರೀ," ಅಂದಳು. ಅವರು ಜೋರಾಗಿ ನಕ್ಕರು.

ಗೋಡೆಯ ತುಂಬ ಗಡ್ಡದ ಕ್ವಾಶಿ. ಭುಜದ ಮೇಲೆ ಗಿಳಿ.

"ಗಿಳಿ ಯಾರದೇ?"

"ಚೆಂದಕ್ಕೆ ಹಾಕಿದ್ದಾರೆ ಅಜ್ಜಿ."

"ಕಾಳು ಯಾರು ಹಾಕ್ತಾರೆ ಅದಕ್ಕೆ? ಇರೋ ಒಂದು ಕೈಲೂ ಸೀಸೆ ಹಿಡ್ಕೊಂಡಿದಾನೆ."

ಅಷ್ಟರಲ್ಲಿ ಪ್ರವಾಸಿಗಳು ಒಳಗೆ ಬಂದರು. ಇವರಿಗೆ 'ಎಡಗೈ ಗುಟುಕು' ಕಲಿಸುವುದು ನನ್ನ ಕೆಲಸ. ಬಲಗೈ ಬೆನ್ನ ಹಿಂದೆ, ಗ್ಲಾಸು ಎಡಗೈಗೆ, "ಕ್ವಾಶಿಗೆ!" ಎಂದು ಕೂಗಿ ಮರಳಿನ ತಟ್ಟೆಗೆ ಮೊದಲ ಗುಟುಕು. ನಲವತ್ತು ಜನ ಒಟ್ಟಿಗೆ ಕೂಗಿದರು. ಒಬ್ಬ ತೋಳನ್ನು ಅಂಗಿಯೊಳಗೆ ಎಳೆದುಕೊಂಡು ಖಾಲಿ ತೋಳುಪಟ್ಟಿಯನ್ನು ಪಟಪಟ ಬೀಸಿದ. ಅವನ ಹೆಂಡತಿ ನಗುತ್ತಾ ನಗುತ್ತಾ ಫೋಟೋ ತೆಗೆದಳು.

ಅಜ್ಜಿಯ ಗ್ಲಾಸು ತುಂಬಿದಂತೆಯೇ ಇತ್ತು. ನಾನು ಹತ್ತಿರ ಹೋಗಿ ಬಗ್ಗಿದೆ.

"ಅವಳ ಹೆಸರು ಎಲ್ಲಿದೆಯೇ?" ಅಂದಳು.

"ಯಾರದು?"

"ಕ್ವಾಶೀಬಾಳದು."

"ನಿಂಗೆ ಗೊತ್ತಿತ್ತಾ?"

"ನಮ್ಮಜ್ಜಿ ಹೇಳಿದ್ಲು ನಂಗೆ. ನಮ್ಮ ಹಿತ್ತಲಲ್ಲಿ ಆ ಮುರಿದ ಗಾಣದ ಕಲ್ಲಿದೆಯಲ್ಲ, ಚಿಕ್ಕವಳಿದ್ದಾಗ ನಿಂಗೆ ಅದನ್ನ ಕಂಡ್ರೆ ನಡುಕ. ನಿಜ ಹೇಳಿದ್ರೆ ನಿದ್ದೆ ಮಾಡ್ತಿದ್ಯಾ? ಅದಕ್ಕೇ ಅವಳಿಗೆ ಗಡ್ಡ ಅಂಟಿಸಿ ಹಡಗು ಹತ್ತಿಸಿದೆ. ದೊಡ್ಡವಳಾದ ಮೇಲೆ ಹೇಳಿದ್ರಾಯ್ತು ಅಂದ್ಕೊಂಡೆ. ನೀನೇ ಕಾಗದ ಓದೋಕೆ ಹೊರಟ್ಯಲ್ಲ, ಕಂಡ್ಕೋತಾಳೆ ಬಿಡು ಅಂತ ಸುಮ್ಮನಾದೆ." ನನ್ನ ಮುಖವನ್ನೇ ನೋಡಿದಳು. "ಸಿಕ್ಕಿದ್ಲಾ?"

"ಸಿಕ್ಕಿದ್ಲು."

ಅಜ್ಜಿ ಗೋಡೆಯ ಕಡೆ ತಿರುಗಿದಳು. ಕೆಳಗಿದ್ದ ನನ್ನ ಹೆಸರನ್ನು ಬೆರಳಿಟ್ಟು ಓದಿದಳು.

"ನಾನು ಮಗು ಮಲಗ್ಲಿ ಅಂತ ಸುಳ್ಳು ಹೇಳ್ದೆ. ನೀನು ಯಾರು ಮಲಗ್ಲಿ ಅಂತ ಹೇಳ್ದೆ ಅಡೀನಾ?"

"ಅಡೀನಾ, ಮುಂದಿನ ಗುಂಪು!" ಎಂದು ಮಿಸ್ಟರ್ ಲೈಲ್ ಬಾಗಿಲಿನಿಂದ ಕರೆದರು. ನಾನು ಹೋದೆ. ತಿರುಗಿ ನೋಡುವಾಗ ಅಜ್ಜಿಯ ಕುರ್ಚಿ ಖಾಲಿಯಿತ್ತು.

ಆ ಭಾನುವಾರ ಚಿಕ್ಕಪ್ಪ ಬಂದಿದ್ದ. ಹುರಿದ ಮೀನು, ಮರಗೆಣಸಿನ ರೊಟ್ಟಿ, ಹೊಸ ಸೀಸೆ. ಮೊದಲ ಗುಟುಕು ಯಾವತ್ತೂ ಅಜ್ಜಿಯದು. ಹಿತ್ತಲಿಗೆ ಹೋಗಿ ಗಾಣದ ಕಲ್ಲಿನ ಬುಡಕ್ಕೆ ಸುರಿದಳು. ಬಲಗೈಯಲ್ಲಿ.

"ಅಮ್ಮಾ, ಕೈ ತಪ್ಪಿತು," ಅಂದ ಚಿಕ್ಕಪ್ಪ.

"ತಪ್ಪಿಲ್ಲ ಕಣೋ. ಎಡಗೈ ಈಗ ಕಿಂಗ್‌ಸ್ಟನ್‌ನಲ್ಲಿ ಕೆಲಸಕ್ಕೆ ಸೇರಿದೆ."

ಚಿಕ್ಕಪ್ಪ ಅರ್ಥವಾಗದೆ ನಕ್ಕ. ಅಜ್ಜಿ ಸೀಸೆಯನ್ನು ನನಗೆ ಕೊಡದೆ, ನನ್ನನ್ನು ದಾಟಿ ಅವನ ಕೈಗೆ ಕೊಟ್ಟಳು.

ಸೋಮವಾರ ಹತ್ತಕ್ಕೆ ಮೊದಲ ಗುಂಪು. ಐವತ್ತೆರಡು ಜನ. ಬಲಗೈಯನ್ನು ಬೆನ್ನ ಹಿಂದೆ ಮಡಚಿಕೊಂಡು ನಾನು ಅವರ ಮುಂದೆ ನಿಂತೆ.