ವರ್ಷತೊಡಕಿನ ದಬರಿ

ನಾನು ಒಂದು ತಾಮ್ರದ ದಬರಿ. ಮದುವೆಮನೆಯ ಕೊಪ್ಪರಿಗೆಯಷ್ಟು ದೊಡ್ಡವಳಲ್ಲ, ಹಾಲು ಕಾಯಿಸುವ ಪಾತ್ರೆಯಷ್ಟು ಚಿಕ್ಕವಳೂ ಅಲ್ಲ. ಒಂದು ಪಂಕ್ತಿ ಜನ ಉಣ್ಣುವಷ್ಟು ಸಾರು ನನ್ನ ಹೊಟ್ಟೆಯಲ್ಲಿ ಹಿಡಿಯುತ್ತದೆ. ಹುಟ್ಟಿದ್ದು ನಾಗಮಂಗಲದಲ್ಲಿ, ಪಾತ್ರೆ ಮಾಡುವವರ ಬೀದಿಯಲ್ಲಿ. ಮುದುಕನೊಬ್ಬ ಚಪ್ಪಟೆ ತಗಡನ್ನು ಕಾಯಿಸಿ ಬಡಿದು, ಮತ್ತೆ ಕಾಯಿಸಿ ಬಡಿದು, ನನಗೆ ಹೊಟ್ಟೆ ತರಿಸಿದ. ನೋವಾಗಲಿಲ್ಲವೇ ಎಂದರೆ ಆಯಿತು. ಆದರೆ ಅವನು ಒಂದು ಮಾತು ಹೇಳುತ್ತಿದ್ದ: "ಚೆನ್ನಾಗಿ ಬಡಿಸಿಕೊಂಡ ಪಾತ್ರೆನೇ ನಾಳೆ ನಾಲ್ಕು ಜನಕ್ಕೆ ಬಡಿಸೋದು."

ಕಲಾಯಿ ಹಾಕಿಸಿಕೊಂಡು ಒಳಗೆಲ್ಲ ಬೆಳ್ಳಿಯ ಹಾಗೆ ಹೊಳೆಯುತ್ತಾ ಅಂಗಡಿಯ ಮುಂದೆ ಕೂತಿದ್ದೆ. ದೇವೀರಮ್ಮನ ಅಪ್ಪ ಬಂದು ಮಗಳ ಬಳುವಳಿಗೆಂದು ನನ್ನನ್ನು ಕೊಂಡ. ಹಾಗೆ ನಾನು ಕೆ.ಆರ್. ಪೇಟೆಗೆ, ಹೊಂಬಯ್ಯನ ಮನೆಗೆ ಬಂದೆ.

ಹೊಂಬಯ್ಯ ಸರ್ಕಾರದ ರೋಡ್ ರೋಲರ್ ಓಡಿಸುತ್ತಿದ್ದ. ಓಡಿಸುತ್ತಿದ್ದ ಎನ್ನುವುದು ಬಾಯಿಮಾತು. ರೋಲರಿನ ಪಕ್ಕ ಎಮ್ಮೆ ಹೋದರೆ ಎಮ್ಮೆಯೇ ಮುಂದೆ. ವರ್ಷಗಟ್ಟಲೆ ಅದರ ಮೇಲೆ ಕೂತು ಅವನ ಸ್ವಭಾವವೂ ಅದೇ ಹದಕ್ಕೆ ಬಂದಿತ್ತು. ಯಾರು ಅವಸರ ಮಾಡಿದರೂ ಅವನದು ಒಂದೇ ಮಾತು: "ಒಂದಿನ ತಡ ಆದ್ರೆ ಏನ್ ಮುಳುಗೋಯ್ತದೆ?"

"ನಮ್ ಮದ್ವೇಲೂ ಹಿಂಗೇ ಅಂದಿದ್ರು," ಎಂದು ದೇವೀರಮ್ಮ ನನ್ನನ್ನು ಹುಣಸೆಹಣ್ಣಿನಲ್ಲಿ ತಿಕ್ಕುತ್ತಾ ನೆರೆಯವರಿಗೆ ಹೇಳುತ್ತಿದ್ದಳು. "ಐನೋರು ಮಂತ್ರ ಎಲ್ಲಾ ಮುಗಿಸ್ಕೊಂಡು ಕಾಯ್ತಾ ಕುಂತಿದ್ರು, ಇವರು ಇನ್ನೂ ಪಂಚೆ ಉಡ್ತಾ ಇದ್ರು."

ನನ್ನ ಕೆಲಸ ವರ್ಷಕ್ಕೆ ನಾಲ್ಕಾರು ಸಲ. ಅದರಲ್ಲಿ ದೊಡ್ಡದು ವರ್ಷತೊಡಕು. ನಮ್ಮ ಕಡೆ ಯುಗಾದಿಗೆ ಒಬ್ಬಟ್ಟು, ಮಾರನೇ ದಿನ ವರ್ಷತೊಡಕಿಗೆ ಬಾಡೂಟ. ಆ ದಿನ ಏನು ಮಾಡುತ್ತೇವೋ ಅದು ವರ್ಷವೆಲ್ಲ ತೊಡರಿಕೊಳ್ಳುತ್ತದೆ ಎಂದು ನಂಬಿಕೆ. ಅತ್ತರೆ ವರ್ಷವೆಲ್ಲ ಅಳು. ಜಗಳವಾಡಿದರೆ ವರ್ಷವೆಲ್ಲ ಜಗಳ. ಮನೆ ಬಿಟ್ಟು ಹೊರಟರೆ ವರ್ಷವೆಲ್ಲ ಅಲೆದಾಟ. ಅದಕ್ಕೇ ಅಂದು ಎಲ್ಲರೂ ಮನೆಯಲ್ಲೇ ಕೂತು ಹೊಟ್ಟೆ ತುಂಬ ಉಣ್ಣಬೇಕು.

ಅವರ ಒಬ್ಬಳೇ ಮಗಳು ಶಶಿರೇಖ. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವ ಕೋರ್ಸು ಓದಿದಳು. ಸರ್ಕಾರಿ ಕೆಲಸದ ಆರ್ಡರು ಬಂದದ್ದು ಯುಗಾದಿ ಹತ್ತಿರವಿದ್ದಾಗ. ದೂರದ ಗುಂಡ್ಲುಪೇಟೆ ಕಡೆಗೆ. ಮೊದಲು ಹೊರಡುತ್ತೇನೆ ಎಂದಾಗ ಅಪ್ಪ ಅಮಾವಾಸ್ಯೆ ಅಂದ. ಆಮೇಲೆ ಹಬ್ಬ. ಹಬ್ಬದ ದಿನ ಸಂಜೆ ಅವಳು ಚೀಲ ಕಟ್ಟಿ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತಳು. ನಾಳೆಗೆಂದು ಅಟ್ಟದಿಂದ ಇಳಿಸಿ ನೆಲದ ಮೇಲಿಟ್ಟಿದ್ದ ನನಗೆ ಕಾಣುತ್ತಿದ್ದುದು ಅವಳ ಹೊಸ ಚಪ್ಪಲಿ ಮಾತ್ರ.

"ಅಪ್ಪ, ಬೆಳಗ್ಗೆ ಫಸ್ಟ್ ಬಸ್ಸಿಗೆ ಹೋಗ್ತೀನಿ. ನನ್ ಜೊತೆ ಆರ್ಡರ್ ಬಂದಿರೋ ಮಂಗಳಗೌರಿನೂ ನಾಳೆನೇ ಸೇರ್ತಾಳಂತೆ."

"ಬುದ್ಧಿ ಐತೇನವ್ವ ನಿಂಗೆ? ವರ್ಷತೊಡಕಿನ ದಿನ ಹೆಣ್ಣುಮಗ ಹೊಸ್ತಿಲು ದಾಟಿದ್ರೆ ವರ್ಷವೆಲ್ಲ ವರ್ಗಾವಣೆ ಕಣವ್ವ."

"ಹೋಗ್ಲಿ ಬಿಡ್ರಿ, ಮಗಿಗೆ ಆಸೆ," ಎಂದಳು ದೇವೀರಮ್ಮ.

"ನಾಳಿದ್ದು ಶನಿವಾರ, ಹೊಸ ಕೆಲಸಕ್ಕಾಗಕ್ಕಿಲ್ಲ. ಆಚೆ ಭಾನುವಾರ. ಸೋಮವಾರ ನಾನೇ ಕರ್ಕೊಂಡೋಗಿ ಬಿಟ್ಬತ್ತೀನಿ. ಒಂದಿನ ತಡ ಆದ್ರೆ ಏನ್ ಮುಳುಗೋಯ್ತದೆ?"

ಮಾರನೇ ಬೆಳಗ್ಗೆ ನನ್ನನ್ನು ಒಲೆಗೇರಿಸಿದರು. ಮಸಾಲೆ ಕುದಿ ಹತ್ತಿತು. ಶಶಿರೇಖ ಮುಖ ಊದಿಸಿಕೊಂಡು, ಹೊರಡುವವಳ ಹಾಗೆ ಚಪ್ಪಲಿ ಮೆಟ್ಟಿಕೊಂಡೇ ಜಗಲಿಯಲ್ಲಿ ಕೂತಿದ್ದಳು. ವಾಸನೆ ಅಲ್ಲಿಗೆ ಹೋಯಿತು. ಸ್ವಲ್ಪ ಹೊತ್ತಿಗೆ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಒಳಗೆ ಬಂದು, "ಉಪ್ಪು ನೋಡ್ಲಾ ಅಮ್ಮ?" ಎಂದಳು. ಆ ಹೊತ್ತಿಗೆ ನನಗೆ ಎಷ್ಟು ಹೆಮ್ಮೆಯಾಯಿತು ಎಂದರೆ, ಹೊಟ್ಟೆಯೊಳಗಿನ ಸಾರು ತಾನಾಗಿ ಉಕ್ಕಿತು. ಮಗಳನ್ನು ಮನೆಯಲ್ಲಿ ನಿಲ್ಲಿಸಿದವಳು ನಾನು ಅಂದುಕೊಂಡೆ.

ಆಗ ಯಾರಿಗೂ ಗೊತ್ತಿರಲಿಲ್ಲ. ಅಂದು ಮಾರ್ಚ್ ಮೂವತ್ತೊಂದು; ಮಾರನೇ ದಿನ, ಏಪ್ರಿಲ್ ಒಂದರಿಂದ ಕೆಲಸಕ್ಕೆ ಸೇರುವವರಿಗೆ ಹಳೆಯ ಪಿಂಚಣಿ ಇಲ್ಲ. ಸಂಬಳದಲ್ಲಿ ಒಂದು ಪಾಲು ಹಿಡಿದು, ಸರ್ಕಾರವೂ ಒಂದು ಪಾಲು ಸೇರಿಸಿ, ಷೇರುಪೇಟೆಯಲ್ಲಿ ಹಾಕುತ್ತಾರಂತೆ. ಪೇಟೆ ಏರಿದರೆ ಮುಪ್ಪಿಗೆ ಅನ್ನ, ಇಳಿದರೆ ಗಂಜಿ.

ಶಶಿರೇಖ ಸೋಮವಾರ ಸೇರಿದಳು. ತಾರೀಖು ಮೂರು.

ಆಸ್ಪತ್ರೆಯಲ್ಲಿ ಅವಳೂ ಮಂಗಳಗೌರಿಯೂ ಒಂದೇ ಬೆಂಚಿನಲ್ಲಿ ಕೂತು, ಒಂದೇ ಸೂಕ್ಷ್ಮದರ್ಶಕದಲ್ಲಿ ರಕ್ತ ನೋಡುತ್ತಿದ್ದರು. ಒಬ್ಬಳಿಗೆ ಸಾಯುವ ತನಕ ಪಿಂಚಣಿ, ಇನ್ನೊಬ್ಬಳಿಗೆ ಇಲ್ಲ. ಅದು ತಿಳಿದದ್ದು ಎಷ್ಟೋ ತಿಂಗಳಾದ ಮೇಲೆ, ಗುಮಾಸ್ತನ ಬಾಯಿಂದ. "ಹಬ್ಬದ ಊಟ ಚೆನ್ನಾಗಿತ್ತಾ ಮೇಡಂ?" ಎಂದು ಅವನು ನಕ್ಕನಂತೆ.

ಮುಂದಿನ ವರ್ಷತೊಡಕಿಗೆ ಮನೆಗೆ ಬಂದವಳು ಎಲೆಯ ಮುಂದೆ ಕೂತಳು. ದೇವೀರಮ್ಮ ನನ್ನೊಳಗಿಂದ ಸೌಟು ಎತ್ತಿ ಬಡಿಸಿದಳು. ಒಂದು ತುತ್ತು ಬಾಯಿಗಿಟ್ಟು ಶಶಿರೇಖ ಹೇಳಿದಳು, "ಅಪ್ಪ, ಇದು ಭಾರಿ ದುಬಾರಿ ಊಟ ಕಣಪ್ಪ." ಆಮೇಲೆ ನಿಧಾನವಾಗಿ ಎಲ್ಲ ಬಿಡಿಸಿ ಹೇಳಿದಳು. ಬೈಯಲಿಲ್ಲ, ಅಳಲಿಲ್ಲ. ಎಲೆ ಮಡಿಸಿ ಎದ್ದಳು.

ಹೊಂಬಯ್ಯನ ಕೈ ಎಲೆಯ ಮೇಲೆ ಹಾಗೇ ಒಣಗಿತು.

ಅಲ್ಲಿಂದಾಚೆಗೆ ಶಶಿರೇಖ ದಸರೆಗೆ ಬರುತ್ತಿದ್ದಳು, ಗೌರಿಹಬ್ಬಕ್ಕೆ ಬರುತ್ತಿದ್ದಳು, ವರ್ಷತೊಡಕಿಗೆ ಮಾತ್ರ ಬರುತ್ತಿರಲಿಲ್ಲ. "ಡ್ಯೂಟಿ ಐತೆ," ಎನ್ನುತ್ತಿದ್ದಳು. ಮದುವೆಯಾದಳು, ಮಂಡ್ಯಕ್ಕೆ ವರ್ಗವಾಗಿ ಅಲ್ಲೇ ಮನೆ ಮಾಡಿದಳು. ಆಗಲೂ ಅದೇ ಮಾತು.

ಹೊಂಬಯ್ಯ ರೋಲರಿನಿಂದ ಇಳಿದು ನಿವೃತ್ತನಾದ. ಪಿಂಚಣಿ ತಿಂಗಳು ತಿಂಗಳು ತಪ್ಪದೆ ಬರತೊಡಗಿತು. ಬೇರೆಯವರಿಗೆ ಅದು ಸಂತೋಷ, ಇವನಿಗೆ ಗಂಟಲಲ್ಲಿ ಸಿಕ್ಕ ಎಲುಬು. ಅದರಲ್ಲೊಂದು ಪಾಲು ಮಗಳಿಗೆ ಕೊಡಲು ಹೋದ. "ನಿನ್ ಪಿಂಚಣಿ ನೀನು ಉಣ್ಣಪ್ಪ," ಎಂದಳು ಅವಳು. "ನೀನಿರೋಗಂಟ ಕೊಡ್ತೀಯ. ನಾನು ಮುದುಕಿ ಆದಾಗ ನೀನಿರ್ತೀಯಾ?"

ಪ್ರತಿ ನವೆಂಬರಿನಲ್ಲಿ ಬ್ಯಾಂಕಿಗೆ ಹೋಗಿ, ಬದುಕಿದ್ದೇನೆ ಎಂದು ಹೆಬ್ಬೆಟ್ಟು ಒತ್ತಿ ಬರಬೇಕು. ಬಂದವನು ಅಡಿಗೆಮನೆಯ ಬಾಗಿಲಲ್ಲಿ ಕೂರುತ್ತಿದ್ದ. ಅಟ್ಟದ ಮೇಲಿದ್ದ ನನಗೆ ಅವನ ಬೋಳು ನೆತ್ತಿ ಕಾಣುತ್ತಿತ್ತು. "ಬದುಕಿರೋದಕ್ಕೂ ನಾಚ್ಕೆ ಆಯ್ತದೆ ಕಣೆ," ಎಂದ ಒಂದು ಸಲ.

"ಬದುಕಿರೋದಕ್ಕಲ್ಲ. ಗಿಣಿ ಪಾಠದಂಗೆ ಅದೇ ಮಾತು ಆಡ್ತಿದ್ರಲ್ಲ, ಅದಕ್ಕೆ ಪಡಿ ನಾಚ್ಕೆ," ಎಂದಳು ದೇವೀರಮ್ಮ. ಆಮೇಲೆ ಮೆತ್ತಗಾಗಿ, "ಕಾಫಿ ಕುಡೀರಿ," ಎಂದಳು.

ಅವನ ಜೊತೆಯ ನಿವೃತ್ತರು ಕಟ್ಟೆಯ ಮೇಲೆ ಕೂತು ಬೇರೆಯೇ ಮಾತಾಡುತ್ತಿದ್ದರು. "ನಮ್ ಕಾಲ್ದಾಗೆ ಸಂಬಳ ಅನ್ನೋದು ಉಪ್ಪಿನಕಾಯಿ ಹಂಗಿತ್ತು, ನೆಕ್ಕೋಕಷ್ಟೇ. ಈಗಿನ ಹೈಕಳಿಗೆ ಕೈತುಂಬ ಸಿಗ್ತದೆ, ಇನ್ನೂ ಪಿಂಚಣಿ ಬೇಕಂತೆ," ಎನ್ನುತ್ತಿದ್ದರು. ಹೊಂಬಯ್ಯನಿಗೆ ಆ ಮಾತು ಸುಳ್ಳೆನಿಸುತ್ತಿರಲಿಲ್ಲ, ನಿಜವೂ ಅನಿಸುತ್ತಿರಲಿಲ್ಲ. ಟವೆಲ್ಲು ಕೊಡವಿ ಎದ್ದು ಬರುತ್ತಿದ್ದ.

ಹೀಗಿರುವಾಗ ಒಂದು ಯುಗಾದಿಗೆ ಸುದ್ದಿ ಬಂತು. ಹೊಸ ಪದ್ಧತಿ ಬೇಡ, ಹಳೆಯ ಪಿಂಚಣಿ ಬೇಕು ಎಂದು ನೌಕರರು ಮಂಡ್ಯದಲ್ಲಿ ಶಾಮಿಯಾನ ಹಾಕಿ ಕೂತಿದ್ದಾರೆ, ಶಶಿರೇಖಳೂ ಅಲ್ಲಿದ್ದಾಳೆ. ಹೊಂಬಯ್ಯ ರಾತ್ರಿಯೆಲ್ಲ ಏನೋ ಯೋಚಿಸಿದವನು ವರ್ಷತೊಡಕಿನ ಬೆಳಗ್ಗೆ ನನ್ನನ್ನು ಅಟ್ಟದಿಂದ ಇಳಿಸಿದ. ಒಳಗೆ ಬಾಡು, ಮಸಾಲೆ, ರಾಗಿಹಿಟ್ಟು ಎಲ್ಲ ಗಂಟು ಕಟ್ಟಿ ತುಂಬಿದ.

"ಇವತ್ತು ಮನೆ ಬಿಡ್ತೀರಾ?" ದೇವೀರಮ್ಮ ಬಾಗಿಲಿಗೆ ಅಡ್ಡ ನಿಂತು ಕೇಳಿದಳು.

"ಅವಳು ಊಟಕ್ಕೆ ಬರಕ್ಕಿಲ್ಲ. ಊಟನೇ ಅವಳ ತಾವಕ್ಕೋಗ್ಲಿ." ಅವಳ ಉತ್ತರಕ್ಕೂ ಕಾಯದೆ ಹೊಸ್ತಿಲು ದಾಟಿದ. ಅಷ್ಟು ಬೇಗ ಅವನು ನಡೆದದ್ದನ್ನು ನಾನು ಕಂಡದ್ದು ಅದೇ ಮೊದಲು.

ಬಸ್ಸಿನಲ್ಲಿ ಕಂಡಕ್ಟರು, "ಅಜ್ಜೋ, ದಬರಿಗೂ ಟಿಕೆಟ್ ತಗೋ," ಎಂದ.

"ಹಿರಿಯ ನಾಗರಿಕರ ರಿಯಾಯ್ತಿ ಕೊಡಪ್ಪ. ಎಷ್ಟು ಹಬ್ಬ ಕಂಡೈತೆ ಗೊತ್ತಾ ಇದು," ಎಂದ ಹೊಂಬಯ್ಯ.

ಮಂಡ್ಯದಲ್ಲಿ ಅವನು ಶಾಮಿಯಾನದ ಮುಂದುಗಡೆಯಿಂದ ಹೋಗಲಿಲ್ಲ. ಮಗಳು ಕಂಡರೆ ಬೇಡ ಅಂದಾಳು ಎಂಬ ಭಯ. ಹಿಂದಿನ ಗಲ್ಲಿಯಲ್ಲಿ ಟೀ ಅಂಗಡಿಯ ಪುಟ್ಟನಿಂಗಮ್ಮ ಎಂಬವಳನ್ನು ಒಪ್ಪಿಸಿ, ಅವಳ ಒಲೆಯ ಮೇಲೆ ನನ್ನನ್ನಿಟ್ಟ. ಪರದೆಯ ಆಚೆ ಕೂತವರ ಬೆನ್ನು ಕಾಣುತ್ತಿತ್ತು, ಘೋಷಣೆ ಕೇಳುತ್ತಿತ್ತು. ಮಸಾಲೆ ಕುದಿ ಹತ್ತಿತು. ಅದೇ ಹಳೆಯ ವಾಸನೆ ಪರದೆ ದಾಟಿ ಒಳಗೆ ಹೋಯಿತು.

ಘೋಷಣೆ ನಿಂತಿತು.

ಪರದೆ ಸರಿಸಿ ಕನ್ನಡಕದ ಹುಡುಗನೊಬ್ಬ ಬಂದ. ಯಾವುದೋ ಇಲಾಖೆಯ ಗುಮಾಸ್ತ. "ಯಾರ್ರೀ ಇದು? ಇಲ್ಲಿ ಉಪವಾಸ ಕೂತಿದೀವಿ, ನೀವು ಬಾಡು ಬೇಯಿಸ್ತಾ ಇದೀರಾ?"

ಹೊಂಬಯ್ಯನ ಕೈಯಿಂದ ಸೌಟು ನನ್ನೊಳಗೆ ಜಾರಿ ಬಿತ್ತು. ಉಪವಾಸ ಎಂದು ಬರೆದಿದ್ದ ಬ್ಯಾನರು ರಸ್ತೆಯ ಕಡೆಗಿತ್ತು. ಅವನು ಬಂದದ್ದು ಬೆನ್ನ ಕಡೆಯಿಂದ.

"ನೀವು ರಿಟೈರ್ಡಾ? ಹಳೇ ಪಿಂಚಣಿನಾ?" ಎಂದ ಹುಡುಗ. ಹೊಂಬಯ್ಯ ಹೌದೆಂದು ತಲೆಯಾಡಿಸಿದ. "ನೋಡ್ರಪ್ಪ! ಉಣ್ಣೋರು ಬಂದು ಉಪವಾಸದೋರ ಮೂಗಿಗೆ ಹಿಡೀತಾವ್ರೆ!" ಒಳಗಿಂದ ನಗೆ, ಶಿಳ್ಳೆ ಎರಡೂ ಬಂದವು.

ಅಷ್ಟರಲ್ಲಿ ಶಶಿರೇಖ ಬಂದಳು. ಒಲೆಯ ಮೇಲಿದ್ದ ನನ್ನನ್ನು ನೋಡಿದಳು. ಅಪ್ಪನನ್ನು ನೋಡಿದಳು. ಹೊಂಬಯ್ಯ ತಲೆ ತಗ್ಗಿಸಿ ನಿಂತ. ಅವನ ಕಣ್ಣಿನ ನೀರು ನನ್ನ ಅಂಚಿನ ಮೇಲೆ ಬಿದ್ದು ಚುಂಯ್ ಎಂದಿತು.

"ಇವತ್ತೂ ನಾನೇ ಅಡ್ಡ ಬಂದೆ ಕಣವ್ವ," ಎಂದ. "ಅವತ್ತು ನಿನ್ನ ಬಸ್ಸು ತಪ್ಪಿಸ್ದೆ, ಇವತ್ತು ಉಪಾಸ ಕೆಡಿಸ್ದೆ. ಎತ್ಕೊಂಡೋಯ್ತೀನಿ ಬಿಡು."

"ನಮ್ಮಪ್ಪ," ಎಂದಳು ಶಶಿರೇಖ ಆ ಹುಡುಗನಿಗೆ. ಅಷ್ಟೇ. ಹುಡುಗ ಕನ್ನಡಕ ಸರಿಮಾಡಿಕೊಂಡು ಹಿಂದೆ ಸರಿದ.

ಪುಟ್ಟನಿಂಗಮ್ಮ ಲೋಟ ತೊಳೆಯುತ್ತಾ ಯಾರಿಗೆಂದಿಲ್ಲದೆ ಹೇಳಿದಳು: "ಹಳೇದಕ್ಕೂ ಹೊಸದಕ್ಕೂ ಜಗಳ. ನಂಗೆ ಯಾವ್ದೂ ಇಲ್ಲ. ನನ್ನ ಕೈ ಬಿದ್ದ ದಿನ ನನ್ನ ಒಲೆನೂ ಆರ್ತದೆ." ಕಾವಲಿಗಿದ್ದ ಪೊಲೀಸಿನವನು ಮೆಲ್ಲಗೆ, "ನಮಗೂ ಹೊಸದೇ ಅಕ್ಕ. ಆದ್ರೆ ನಾವು ಕೂರೋ ಹಂಗಿಲ್ಲ, ಕೂತಿರೋರ್ನ ಕಾಯ್ಬೇಕು," ಎಂದ.

ಹೊಂಬಯ್ಯ ನನ್ನನ್ನು ಒಲೆಯಿಂದ ಇಳಿಸಿ ಮುಚ್ಚಿದ. ಆಮೇಲೆ ಯಾರನ್ನೂ ಕೇಳದೆ ಶಾಮಿಯಾನದೊಳಗೆ ಹೋಗಿ, ಕೊನೆಯ ಸಾಲಿನಲ್ಲಿ, ಚಾಪೆ ಮುಗಿದು ನೆಲ ಶುರುವಾಗುವ ಕಡೆ ಕೂತ. ಅವನೂ ಬೆಳಗ್ಗಿನಿಂದ ಏನೂ ತಿಂದಿರಲಿಲ್ಲ. ಬಿಸಿಲೇರಿತು, ಇಳಿಯಿತು. ಪಕ್ಕದವರು ನೀರು ಕೊಟ್ಟರೆ ಕುಡಿದ. ಘೋಷಣೆ ಕೂಗಿದಾಗ ಅವನೂ ಕೈ ಎತ್ತಿದ. ಬಾಯಿ ಮಾತ್ರ ತೆರೆಯಲಿಲ್ಲ. ಕೇಳುವ ಹಕ್ಕು ತನಗಿಲ್ಲ ಎಂದುಕೊಂಡನೋ ಏನೋ.

ಸಂಜೆ ಆ ದಿನದ ಉಪವಾಸ ಮುಗಿಯಿತು. ಪುಟ್ಟನಿಂಗಮ್ಮ ನನ್ನನ್ನು ಮತ್ತೆ ಬಿಸಿಮಾಡಿ, ಮುದ್ದೆಯನ್ನೂ ತಿರುವಿದಳು. ಯಾರೂ ಮುಂದೆ ಬರಲಿಲ್ಲ. ಎಲ್ಲರೂ ಶಶಿರೇಖಳ ಮುಖ ನೋಡಿದರು. ಅವಳು ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ನನ್ನ ಹತ್ತಿರ ಬಂದು, ಸೌಟಿನ ತುದಿಯಿಂದ ಅಂಗೈಗೆ ಒಂದು ತೊಟ್ಟು ಹಾಕಿಕೊಂಡು ನೆಕ್ಕಿದಳು.

"ಉಪ್ಪು ಜಾಸ್ತಿ ಆಗೈತೆ," ಎಂದಳು. ಆಮೇಲೆ ತಟ್ಟೆ ಹಿಡಿದಳು. ಅವಳ ಹಿಂದೆ ಸಾಲು ನಿಂತಿತು. ಕನ್ನಡಕದ ಹುಡುಗ ಎರಡು ಸಲ ಬಂದ.

ಉಣ್ಣುತ್ತಾ ಅವಳೆಂದಳು, "ವರ್ಷತೊಡಕಿನ ದಿನ ಮನೆ ಬಿಟ್ಟು ಬಂದಿದೀಯಲ್ಲಪ್ಪ. ಇನ್ನು ವರ್ಷವೆಲ್ಲ ಅಲೆದಾಟ ನಿಂಗೆ."

"ಅಲೀತೀನಿ ಬಿಡವ್ವ," ಎಂದ ಹೊಂಬಯ್ಯ. "ಅಲೀಬೇಕು ಅಂತ್ಲೇ ಬಂದೆ."

ಅಲೆದ. ಆ ವರ್ಷವೆಲ್ಲ ಎಲ್ಲಿ ಶಾಮಿಯಾನ ಎದ್ದರೂ ನನ್ನನ್ನು ಹೊತ್ತುಕೊಂಡು ಹೋದ. ಈಗ ಮೊದಲು ಬ್ಯಾನರು ಓದಿ ಆಮೇಲೆ ಒಲೆ ಹಚ್ಚುತ್ತಿದ್ದ. ಎಲ್ಲೂ ಪಿಂಚಣಿ ಬರಲಿಲ್ಲ, ಭರವಸೆ ಬಂತು, ಸಮಿತಿ ಬಂತು. ಕಟ್ಟೆಯ ಗೆಳೆಯರು, "ನಿನ್ನ ತಟ್ಟೆ ತುಂಬೈತಲ್ಲ, ಸುಮ್ನೆ ಕೂತ್ಕೋ," ಎಂದರು. ಅವನು ಕೂರಲಿಲ್ಲ.

ಅಲೆದು ಅಲೆದು ನನ್ನ ತಳ ಸವೆಯಿತು. ಕಲಾಯಿ ಹಾಕುವವರು ಈಗ ಬೀದಿಗೆ ಬರುವುದಿಲ್ಲ. ಕೊನೆಗೊಂದು ದಿನ ಸಾರು ಒಲೆಗೆ ತೊಟ್ಟಿಕ್ಕಿ ಬೆಂಕಿ ಬುಸುಗುಟ್ಟಿತು. ಹತ್ತಿರದಲ್ಲಿದ್ದದ್ದು ಶಶಿರೇಖಳ ಮನೆ, ಅಲ್ಲಿಗೇ ತಂದು ಹಿತ್ತಿಲ ಮೂಲೆಯಲ್ಲಿ ಇಟ್ಟರು. ಈಗಲೂ ಅಲ್ಲೇ ಇದ್ದೇನೆ. ಹಸಿರು ಕಿಲುಬು ಕಟ್ಟಿದೆ. ಅವಳ ತಲೆಯಲ್ಲೂ ನರೆ ಕಾಣಿಸಿದೆ, ನಿವೃತ್ತಿ ಮೊದಲಿನಷ್ಟು ದೂರವಿಲ್ಲ. ನಾನು ಅಂದು ಉಕ್ಕಿದ್ದು ಹೆಮ್ಮೆಗೆ. ಮಗಳನ್ನು ಮನೆಯಲ್ಲಿ ಉಳಿಸಿದೆ ಎಂದುಕೊಂಡೆ. ಪ್ರೀತಿಯಿಂದ ಹಿಡಿದ ಕೈಯೂ ಒಬ್ಬರ ಬಸ್ಸು ತಪ್ಪಿಸೀತು ಎಂದು ತಗಡಿಗೆ ಹೇಗೆ ತಿಳಿಯಬೇಕು?

ಹೋದ ವಾರ ಹಳೇ ಪಾತ್ರೆ ಕೊಳ್ಳುವವನು ಬಾಗಿಲಿಗೆ ಬಂದ. ಹೊಂಬಯ್ಯ ಮಗಳ ಮನೆಯಲ್ಲೇ ಇದ್ದ. "ತೂತು ಬಿದ್ದದ್ದು ಯಾಕವ್ವ, ಕೊಟ್ಬಿಡು," ಎಂದ.

ಶಶಿರೇಖ ಸೊಪ್ಪು ಬಿಡಿಸುತ್ತಾ, ತಲೆಯೆತ್ತದೆ, "ನಾಳೆ ಕೊಟ್ರಾಯ್ತು ಬಿಡಪ್ಪ. ಒಂದಿನ ತಡ ಆದ್ರೆ ಏನ್ ಮುಳುಗೋಯ್ತದೆ?" ಎಂದಳು.

ಮಾತು ಬಾಯಿಂದ ಬಿದ್ದ ಮೇಲೆ ಅವಳ ಕೈ ನಿಂತಿತು. ಹೊಂಬಯ್ಯ ನೆಲ ನೋಡಿದ. ಆಮೇಲೆ ಎದ್ದು, ಬಗ್ಗಿ ನಡೆಯುತ್ತಾ ಹಿತ್ತಿಲಿಗೆ ಬಂದು, ನನ್ನ ಪಕ್ಕ ಕೂತು, ಹುಣಸೆಹಣ್ಣು ತಗೊಂಡು ನನ್ನ ಕಿಲುಬು ತಿಕ್ಕತೊಡಗಿದ. ಒಳಗಿಂದ ಮಗಳ ದನಿ ಕೇಳಿತು, ಪಾತ್ರೆಯವನಿಗೆ: "ನಾಳೆನೂ ಬರ್ಬೇಡಿ."